ಬೀಗದ ಕೈಯ ಭಾರ

ಸಂಸಾರವಂದಿಗರ ಮನೆಯಲ್ಲಿ ಬೀಗದ ಕೈ ಒಂಟಿಯಾಗಿ ಬಾಳುವುದಿಲ್ಲ. ಕಾರು ಕೊಂಡ ಹೊಸತರಲ್ಲಿ ಅದರ ಬೀಗದ ಕೈ ಒಂದೇ ಇರುತ್ತದೆ, ನಿಜ. ಆಮೇಲೆ ಮುಂಬಾಗಿಲಿನದು ಬಂದು ಸೇರುತ್ತದೆ. ಬೀರುವಿನದು, ಕಚೇರಿಯ ಮೇಜಿನದು ಒಂದೊಂದಾಗಿ ಜೊತೆಗೂಡುತ್ತವೆ. ಯಾತ್ರೆಗೆ ಹೋಗಿ ಬಂದವರು ತಂದುಕೊಟ್ಟ ದೇವರ ಬಿಲ್ಲೆಯೊಂದು ತೂಗಾಡತೊಡಗುತ್ತದೆ. ಕಾರಿಗೆ ವಯಸ್ಸಾಗುತ್ತ ಬಂದಂತೆ ಗೊಂಚಲಿನ ತೂಕವೂ ಬೆಳೆಯುತ್ತದೆ. ಒಂದು ದಿನ ಬೀಗ ಮೊದಲಿನಂತೆ ತಿರುಗದು. ಬೀಗದ ಕೈಯನ್ನು ಎರಡು ಬಾರಿ ಅಲುಗಾಡಿಸಿ, ತುಸು ಹೊರಗೆಳೆದು, ಓಲೈಸಿದ ಮೇಲಷ್ಟೇ ತಿರುಗುತ್ತದೆ. “ಹಳೆಯ ಕಾರು, ಅದರ ಚಾಳಿಯೇ ಹಾಗೆ” ಎಂದು ಯಜಮಾನರು ನಕ್ಕು ಸುಮ್ಮನಾಗುತ್ತಾರೆ.

ಇದು ಮನುಷ್ಯಸಹಜವಾದ ಔದಾಸೀನ್ಯ. ಆದರೆ ಇದೇ ಔದಾಸೀನ್ಯವನ್ನು ಅಮೆರಿಕದ ಜನರಲ್ ಮೋಟಾರ್ಸ್ ಎಂಬ ಜಗತ್ಪ್ರಸಿದ್ಧ ಸಂಸ್ಥೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ತೋರಿದಾಗ ಅದರ ಬೆಲೆ ತೆತ್ತವರು ಬೇರೆಯವರು. ಕಾರನ್ನು ಚಾಲೂ ಮಾಡುವ ಸ್ವಿಚ್ಚಿನ ದೋಷಕ್ಕೆ ಬಲಿಯಾದವರೆಂದು ೧೨೪ ಮಂದಿಯ ಕುಟುಂಬಗಳಿಗೆ, ಗಾಯಗೊಂಡವರೆಂದು ಬೇರೆ ೨೭೫ ಮಂದಿಗೆ, ಆ ಸಂಸ್ಥೆಯೇ ಏರ್ಪಡಿಸಿದ ನಿಧಿಯಿಂದ ಪರಿಹಾರ ಮಂಜೂರಾಯಿತು. ಒಂದು ಗೊಂಚಲಿನ ಭಾರಕ್ಕೂ ಇಷ್ಟು ಜನರ ಪ್ರಾಣಕ್ಕೂ ಎತ್ತಣ ಸಂಬಂಧ ಎಂದು ಅಚ್ಚರಿಪಡುವವರು ಆ ಕಥೆಯನ್ನು ಮೊದಲಿನಿಂದಲೂ ತಿಳಿಯುವುದು ಒಳ್ಳೆಯದು.

ಬೀಗದ ಹಿಂದೆ ಏನಿದೆ?

ಬೀಗದ ಕೈ ತೂರಿಸುವ ಜಾಗದಲ್ಲಿ ಇರುವುದು ಒಂದೇ ಯಂತ್ರವೆಂದು ಸಾಮಾನ್ಯರ ತಿಳಿವಳಿಕೆ. ವಾಸ್ತವವಾಗಿ ಅಲ್ಲಿ ಎರಡಿವೆ. ಮುಂದಿರುವುದು ಬೀಗ. ಅದರ ಉರುಳೆಯೊಳಗೆ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ ಕುಳಿತಿರುತ್ತವೆ. ಸರಿಯಾದ ಬೀಗದ ಕೈ ಒಳಹೊಕ್ಕಾಗ ಅದರ ಹಲ್ಲುಗಳ ಏರುತಗ್ಗಿಗೆ ಅನುಗುಣವಾಗಿ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಉರುಳೆ ತಿರುಗಲು ಎಡೆ ಕೊಡುತ್ತವೆ. ವರ್ಷಗಟ್ಟಲೆ ಬಳಸಿದ ಮೇಲೆ ಹಲ್ಲೂ ಸವೆಯುತ್ತದೆ, ಬಿಲ್ಲೆಯೂ ಸವೆಯುತ್ತದೆ. ಹಳೆಯ ಕಾರಿನ ಬೀಗ ಮೊಂಡಾಟ ಮಾಡುವುದು ಬಹುಮಟ್ಟಿಗೆ ಈ ಕಾರಣದಿಂದ.

ಬೀಗದ ಹಿಂದೆ ಅಡಗಿರುವುದು ವಿದ್ಯುತ್ತಿನ ಸ್ವಿಚ್ಚು. ಎಂಜಿನನ್ನು ಆರಿಸುವ ನೆಲೆ, ರೇಡಿಯೋ ಮೊದಲಾದವುಗಳಿಗೆ ಮಾತ್ರ ವಿದ್ಯುತ್ತು ಕೊಡುವ ನೆಲೆ, ಕಾರು ಓಡುವಾಗಿನ ನೆಲೆ ಎಂದು ಅದಕ್ಕೆ ಹಲವು ತಂಗುದಾಣಗಳುಂಟು. ಪ್ರತಿಯೊಂದು ನೆಲೆಯಲ್ಲಿಯೂ ಸ್ಪ್ರಿಂಗಿನ ಒತ್ತಡಕ್ಕೆ ಒಳಗಾದ ಪುಟ್ಟದೊಂದು ಕಡ್ಡಿ ಕಚ್ಚಿನೊಳಗೆ ಕುಳಿತು ಸ್ವಿಚ್ಚನ್ನು ಅಲುಗದಂತೆ ಹಿಡಿದಿರುತ್ತದೆ. ಆ ಕಡ್ಡಿಯ ಉದ್ದ, ಸ್ಪ್ರಿಂಗಿನ ಬಿಗಿ—ಇವುಗಳನ್ನೇ ನಂಬಿಕೊಂಡು ಇಡೀ ಕಾರು ಓಡುತ್ತಿರುತ್ತದೆ ಎಂದರೆ ತಪ್ಪಾಗಲಾರದು. ಹಿಡಿತ ತೀರ ಬಿಗಿಯಾದರೆ ಮಣಿಕಟ್ಟಿಗೆ ನೋವು. ತೀರ ಸಡಿಲವಾದರೆ ತೂಗಾಡುವ ಗೊಂಚಲೇ ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿಬಿಟ್ಟೀತು.

ಮೊಣಕಾಲು ತಗುಲಿದರೆ ಸಾಕು

ಜನರಲ್ ಮೋಟಾರ್ಸ್ ಸಂಸ್ಥೆಯ ಸ್ಯಾಟರ್ನ್ ಅಯಾನ್, ಷೆವ್ರೊಲೆ ಕೋಬಾಲ್ಟ್ ಮುಂತಾದ ಸಣ್ಣ ಕಾರುಗಳಲ್ಲಿ ನಡೆದುದು ಇದೇ. ಸ್ವಿಚ್ಚಿನ ಹಿಡಿತ ಕನಿಷ್ಠ ಇಷ್ಟಿರಬೇಕೆಂದು ಸಂಸ್ಥೆಯೇ ವಿಧಿಸಿದ್ದಿತು. ತಯಾರಾಗಿ ಬಂದ ಸ್ವಿಚ್ಚಿನ ಹಿಡಿತ ಅದಕ್ಕಿಂತ ಬಹಳ ಕಡಿಮೆ. ಹಾಗಿದ್ದರೂ ೨೦೦೨ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಕಾರು ರಸ್ತೆಗಿಳಿದ ಮೇಲೆ ದೂರುಗಳು ಬರಲಾರಂಭಿಸಿದವು: ಹೋಗುತ್ತಿರುವಾಗ ಚಾಲಕರ ಮೊಣಕಾಲು ಬೀಗದ ಕೈಗೆ ತಗುಲಿದರೆ ಸಾಕು, ಎಂಜಿನು ಆರಿಹೋಗುತ್ತದೆ. ೨೦೦೫ರಲ್ಲಿ ಪತ್ರಿಕೆಗಳ ಮೋಟಾರು ವಿಮರ್ಶಕರು ಕೂಡ ಇದನ್ನು ಬರೆದರು.

ಎಂಜಿನು ಆರಿದರೆ ಕಾರು ನಿಲ್ಲುತ್ತದೆ, ಅಷ್ಟೇ ತಾನೆ ಎನ್ನಬಹುದು. ಸಂಸ್ಥೆಯವರು ಎಣಿಸಿದುದೂ ಅಷ್ಟೇ. ಇದು ಗಿರಾಕಿಗಳ ಅನುಕೂಲಕ್ಕೆ ಸಂಬಂಧಿಸಿದುದು, ಸುರಕ್ಷಿತತೆಗೆ ಸಂಬಂಧಿಸಿದುದಲ್ಲ ಎಂದು ಅವರು ವರ್ಗೀಕರಿಸಿದರು. ಆದರೆ ಸ್ವಿಚ್ಚು ಜಾರಿದೊಡನೆ ಸ್ಟಿಯರಿಂಗಿಗೂ ಬ್ರೇಕಿಗೂ ಯಂತ್ರದ ನೆರವು ತಪ್ಪುತ್ತಿದ್ದಿತು. ಅದಕ್ಕಿಂತ ಘೋರವಾದುದೆಂದರೆ, ಅಪಘಾತದಲ್ಲಿ ಎದೆಗೂ ತಲೆಗೂ ರಕ್ಷೆಯಾಗಿ ಉಬ್ಬಬೇಕಾಗಿದ್ದ ಏರ್‌ಬ್ಯಾಗ್ ಉಬ್ಬುತ್ತಿರಲಿಲ್ಲ. ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಕಾವಲುಗಾರ ನಿದ್ರೆಹೋದಂತಾಗುತ್ತಿದ್ದಿತು.

ಉತ್ತಮವಾದ ಸ್ವಿಚ್ಚನ್ನು ಹಾಕಲು ಕಾರೊಂದಕ್ಕೆ ಸುಮಾರು ೯೦ ಸೆಂಟು ಹೆಚ್ಚು ತಗಲುವುದೆಂದು ೨೦೦೫ರಲ್ಲಿ ಅಂದಾಜು ಮಾಡಲಾಗಿದ್ದಿತು. ಆ ಸಲಹೆ ಬಿದ್ದುಹೋಯಿತು. ಬೀಗದ ಕೈಯ ತಲೆಯಲ್ಲಿದ್ದ ಉದ್ದನೆಯ ಸೀಳಿನ ಬದಲು ಸಣ್ಣ ರಂಧ್ರ ಮಾಡಿದರೆ ಗೊಂಚಲು ಒಂದು ಪಕ್ಕಕ್ಕೆ ಸರಿದು ಜಗ್ಗಲಾರದು ಎಂಬ ಇನ್ನೊಂದು ಸಲಹೆ ಬಂದಿತು, ಅದೂ ಕಾರ್ಯಗತವಾಗಲಿಲ್ಲ. ಕೊನೆಗೆ ಮಾರಾಟಗಾರರಿಗೆ ಒಂದು ಸುತ್ತೋಲೆ ಹೊರಟಿತು: ದೂರು ತರುವ ಗಿರಾಕಿಗಳಿಗೆ ಗೊಂಚಲಿನ ಭಾರ ಇಳಿಸಲು ಹೇಳಿರಿ, ಸೀಳನ್ನು ಕಿರಿದುಗೊಳಿಸುವ ಒಂದು ತುಣುಕನ್ನು ಕೊಡಿರಿ. ಆ ತುಣುಕನ್ನು ಪಡೆದವರು ಐನೂರು ಮಂದಿಯೂ ಇರಲಿಲ್ಲ. ಕಾರು ಕೊಂಡವರು ಲಕ್ಷಗಟ್ಟಲೆ.

೨೦೦೭ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರು ಒಂದು ಅಪಘಾತದ ತನಿಖೆ ನಡೆಸುತ್ತ ಈ ಸುತ್ತೋಲೆಯನ್ನು ಓದಿ, ಸ್ವಿಚ್ಚು ಜಾರಿದುದಕ್ಕೂ ಏರ್‌ಬ್ಯಾಗ್ ಉಬ್ಬದಿದ್ದುದಕ್ಕೂ ಸಂಬಂಧವಿರಬಹುದೆಂದು ತಮ್ಮ ವರದಿಯಲ್ಲಿ ಬರೆದರು. ಕಾರನ್ನು ತಯಾರಿಸಿದ ತಜ್ಞರಿಗೆ ಹೊಳೆಯದ ಮಾತು ರಸ್ತೆಯ ಪೊಲೀಸಿನವರಿಗೆ ಹೊಳೆದಿದ್ದಿತು. ಆ ವರದಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಸಂಖ್ಯೆ ಬದಲಾಗದ ಬಿಡಿಭಾಗ

ಕಥೆಯ ಅತ್ಯಂತ ವಿಚಿತ್ರವಾದ ಭಾಗ ಮುಂದಿದೆ. ೨೦೦೬ರಲ್ಲಿ ಸ್ವಿಚ್ಚನ್ನು ಸದ್ದಿಲ್ಲದೆ ಸರಿಪಡಿಸಲಾಯಿತು. ಕಡ್ಡಿ ಉದ್ದವಾಯಿತು, ಸ್ಪ್ರಿಂಗು ಬಿಗಿಯಾಯಿತು. ಆದರೆ ಯಂತ್ರಭಾಗವನ್ನು ಬದಲಿಸಿದಾಗ ಅದರ ಸಂಖ್ಯೆಯನ್ನೂ ಬದಲಿಸಬೇಕೆಂಬ ಮೂಲ ನಿಯಮವನ್ನು ಪಾಲಿಸಲಿಲ್ಲ. ಹಳೆಯ ಸ್ವಿಚ್ಚೂ ಹೊಸ ಸ್ವಿಚ್ಚೂ ಹೆಸರಿನಲ್ಲಿ ಒಂದೇ ಆದವು. ಏರ್‌ಬ್ಯಾಗ್ ಉಬ್ಬದ ಪ್ರಕರಣಗಳು ಮೊದಲ ಕೆಲವು ವರ್ಷಗಳ ಕಾರುಗಳಲ್ಲಿಯೇ ಏಕೆ ಹೆಚ್ಚು, ಅನಂತರದವುಗಳಲ್ಲಿ ಏಕಿಲ್ಲ ಎಂದು ಸಂಸ್ಥೆಯ ತನಿಖೆಗಾರರೇ ವರ್ಷಗಟ್ಟಲೆ ತಲೆ ಕೆರೆದುಕೊಂಡರು.

ಗುಟ್ಟು ರಟ್ಟಾದುದು ಒಬ್ಬ ತಂದೆ ತಾಯಿಯ ಹಟದಿಂದ. ೨೦೧೦ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಅವರ ಮಗಳು ಕೋಬಾಲ್ಟ್ ಕಾರಿನ ಅಪಘಾತದಲ್ಲಿ ತೀರಿಕೊಂಡಳು. ಅವರು ನ್ಯಾಯಾಲಯದ ಮೆಟ್ಟಲೇರಿದರು. ಅವರ ವಕೀಲರು ನೇಮಿಸಿದ ಎಂಜಿನಿಯರು, ಆಕೆಯ ಕಾರಿನ ಸ್ವಿಚ್ಚನ್ನೂ ಅದೇ ಸಂಖ್ಯೆಯ ಹೊಸ ಸ್ವಿಚ್ಚೊಂದನ್ನೂ ಬಿಚ್ಚಿ ಪಕ್ಕ ಪಕ್ಕದಲ್ಲಿಟ್ಟು ನೋಡಿದರು. ಹೊರನೋಟಕ್ಕೆ ಅವಳಿಗಳಂತಿದ್ದ ಅವುಗಳ ಒಳಗಿನ ಕಡ್ಡಿಗಳ ಉದ್ದ ಬೇರೆ ಬೇರೆಯಾಗಿದ್ದಿತು! ದೋಷವನ್ನು ಬಲ್ಲವರು ಒಳಗೇ ಇದ್ದರೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

೨೦೧೪ರ ಫೆಬ್ರವರಿಯಲ್ಲಿ ಆರಂಭವಾದ ವಾಪಸಾತಿ ಬೆಳೆಯುತ್ತ ಹೋಗಿ ಸುಮಾರು ೨೬ ಲಕ್ಷ ಕಾರುಗಳನ್ನು ಮುಟ್ಟಿತು. ಏಪ್ರಿಲಿನಲ್ಲಿ ಇನ್ನೊಂದು ಪ್ರಕಟಣೆ ಹೊರಟಿತು: ಸ್ವಿಚ್ಚಷ್ಟೇ ಅಲ್ಲ, ಮುಂದಿನ ಬೀಗದ ಉರುಳೆಯನ್ನೂ ಬದಲಿಸಬೇಕು. ಎಂಜಿನು ಓಡುತ್ತಿರುವಾಗಲೇ ಬೀಗದ ಕೈ ಹೊರಗೆ ಬರುವಂತಹ ಬೀಗಗಳು ಅವುಗಳಲ್ಲಿದ್ದವು.

ತಲೆಯಾಡಿಸುವ ಸಭೆ

ಆ ವರ್ಷದ ಜನವರಿಯಲ್ಲಷ್ಟೇ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ಮೇರಿ ಬಾರಾ ಅವರು ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಉತ್ತರ ಹೇಳಬೇಕಾಯಿತು. ಸಂಸ್ಥೆ ನೇಮಿಸಿದ ವಕೀಲ ಆಂಟನ್ ವಲೂಕಾಸ್ ಅವರು ಜೂನ್ ತಿಂಗಳಲ್ಲಿ ದೀರ್ಘವಾದ ವರದಿಯೊಂದನ್ನು ಒಪ್ಪಿಸಿದರು. ಸಭೆ ಸೇರಿದವರೆಲ್ಲ “ಆಗಲಿ” ಎಂದು ತಲೆಯಾಡಿಸಿ, ಹೊರಗೆ ಬಂದ ಮೇಲೆ ಏನನ್ನೂ ಮಾಡದಿರುವ ಪದ್ಧತಿಗೆ ಆ ಸಂಸ್ಥೆಯಲ್ಲಿ ಒಂದು ಹೆಸರೇ ಇದ್ದಿತೆಂದು ವರದಿ ಹೇಳುತ್ತದೆ. ಕೈಕಟ್ಟಿಕೊಂಡು ಬೆರಳನ್ನು ಇನ್ನೊಬ್ಬರತ್ತ ತೋರಿಸುವುದಕ್ಕೂ ಒಂದು ಹೆಸರಿದ್ದಿತಂತೆ. ಬರಹದಲ್ಲಿ “ದೋಷ” ಎಂಬ ಮಾತನ್ನು ಬಳಸದೆ “ವಿನ್ಯಾಸಕ್ಕೆ ತಕ್ಕಂತೆ ನಡೆಯುತ್ತಿಲ್ಲ” ಎನ್ನಬೇಕೆಂದು ನೌಕರರಿಗೆ ತರಬೇತಿ ಕೊಟ್ಟುದೂ ಬೆಳಕಿಗೆ ಬಂದಿತು. ಹದಿನೈದು ಮಂದಿ ಕೆಲಸ ಕಳೆದುಕೊಂಡರು. ೨೦೧೫ರಲ್ಲಿ ಸಂಸ್ಥೆ ೯೦ ಕೋಟಿ ಡಾಲರು ತೆರಲು ಒಪ್ಪಿ ಸರ್ಕಾರದೊಡನೆ ಕ್ರಿಮಿನಲ್ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. ೯೦ ಸೆಂಟು ಉಳಿಸಲು ಹೋಗಿ ತೆತ್ತ ಹಣವಿದು. ಹೋದ ಜೀವಗಳಿಗೆ ಲೆಕ್ಕವೆಲ್ಲಿ?

ಗೃಹಸ್ಥನ ಕೈಯಲ್ಲಿರುವುದು

ಈ ದೋಷ ಒಂದು ಸಂಸ್ಥೆಯ ಕೆಲವು ಕಾರುಗಳದು. ಎಲ್ಲ ಹಳೆಯ ಕಾರುಗಳಿಗೂ ಅದನ್ನು ಆರೋಪಿಸುವುದು ಸಲ್ಲದು. ಆದರೆ ಸವೆದ ಬೀಗವುಳ್ಳವರು ಕಲಿಯಬೇಕಾದುದು ಇದರಲ್ಲುಂಟು. ಕಾರಿನ ಬೀಗದ ಕೈ ಒಂಟಿಯಾಗಿಯೇ ಇರಲಿ. ಬೀಗ ಬಿಗಿಯಾದಾಗ ಬಲ ಪ್ರಯೋಗಿಸಬಾರದು. ಮುರಿದ ತುಂಡು ಒಳಗೆ ಸಿಕ್ಕಿಕೊಂಡರೆ ತೆಗೆಯುವುದು ಪ್ರಯಾಸ. ಅಡಿಗೆಮನೆಯ ಎಣ್ಣೆ ಬಿಡುವುದು ಬೇಡ, ಅದು ಧೂಳನ್ನು ಹಿಡಿದಿಡುತ್ತದೆ. ಗ್ರಾಫೈಟಿನ ಪುಡಿ ಲೇಸು. ಸವೆದ ಬೀಗದ ಕೈಯನ್ನು ನೋಡಿ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಬಳಸದೆ ಇಟ್ಟಿರುವ ಎರಡನೆಯ ಬೀಗದ ಕೈಯಿಂದ ಮಾಡಿಸುವುದು ಸರಿ. ಎಂಜಿನು ಓಡುತ್ತಿರುವಾಗ ಬೀಗದ ಕೈ ಹೊರಬಂದರೆ, ಅಲುಗಿಸಿದಾಗ ಮುಂದಿನ ಫಲಕದ ದೀಪಗಳು ಆರಿ ಹೊತ್ತಿದರೆ, ಆ ದಿನವೇ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ಒಂದು ವೇಳೆ ರಸ್ತೆಯಲ್ಲಿಯೇ ಎಂಜಿನು ಆರಿದರೆ ಗಾಬರಿಗೊಳ್ಳಬಾರದು. ಸ್ಟಿಯರಿಂಗು ಭಾರವಾಗುತ್ತದೆ, ಆದರೆ ತಿರುಗುತ್ತದೆ. ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿಯಬೇಕು. ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಮನಾಗಿ ಬಲವಾಗಿ ಅದುಮಿ, ಕಾರನ್ನು ರಸ್ತೆಯ ಅಂಚಿಗೆ ತರಬೇಕು. ಕಾರು ನಿಲ್ಲುವವರೆಗೆ ಬೀಗದ ಕೈಯನ್ನು ಹೊರಗೆಳೆಯಲೇಕೂಡದು. ಎಳೆದರೆ ಸ್ಟಿಯರಿಂಗಿಗೆ ಬೀಗ ಬೀಳುವ ಅಪಾಯವಿದೆ.

ಬೀಗ ಮೊಂಡಾದಾಗ ಅದು ಏನನ್ನೋ ಹೇಳುತ್ತಿದೆ ಎಂದೇ ತಿಳಿಯಬೇಕು. ಅದನ್ನು ಚಾಳಿಯೆಂದು ತಲೆಯಾಡಿಸಿ ಸುಮ್ಮನಾಗುವ ಸಭೆ ಮನೆಯೊಳಗೂ ನಡೆಯಬಹುದು. ಈ ಸಂಜೆ ಗೊಂಚಲನ್ನು ಬಿಚ್ಚಿ, ಬೀರುವಿನ ಬೀಗದ ಕೈಯನ್ನು ಮನೆಯೊಡತಿಗೆ ಒಪ್ಪಿಸುವುದಕ್ಕೆ ಎರಡು ನಿಮಿಷ ಸಾಕು. ದೇವರ ಬಿಲ್ಲೆಯನ್ನು ಮುಂಬಾಗಿಲಿನ ಬೀಗದ ಕೈಗೆ ಕಟ್ಟಿದರೆ ಯಾವ ದೇವರೂ ಮುನಿಯಲಾರನು.