ಬೇಸಗೆಯಲ್ಲಿ ಎಲೆಯುದುರಿಸುವ ಕಡಲಂಚಿನ ಕಾಡು

ಶೀತಪ್ರದೇಶದ ಅನೇಕ ಮರಗಳು ಶರತ್ಕಾಲದಲ್ಲಿ ಎಲೆಗಳನ್ನುದುರಿಸಿ ಚಳಿಗಾಲವನ್ನು ಬೋಳಾಗಿ ಕಳೆಯುವುವೆಂಬುದು ಸರ್ವವಿದಿತ. ಆದರೆ ನ್ಯೂಜಿಲೆಂಡಿನ ಉತ್ತರಭಾಗದಲ್ಲಿಯೂ ಆಸ್ಟ್ರೇಲಿಯದ ದಕ್ಷಿಣ ತೀರದಲ್ಲಿಯೂ ಈ ನಿಯಮಕ್ಕೆ ಒಳಪಡದ ಕಾಡುಗಳಿವೆ. ಅವು ಅವಿಸೆನಿಯ ಮರೀನ ಎಂಬ ಕಾಂಡ್ಲ ಮರದ ಕಾಡುಗಳು. ಇದೇ ಜಾತಿಯ ಮರ ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ಉಂಟು. ಕಾಂಡ್ಲವು ಮುಖ್ಯವಾಗಿ ಉಷ್ಣವಲಯದ ಸಸ್ಯ. ಆದರೂ ಆಸ್ಟ್ರೇಲಿಯದ ಕಾರ್ನರ್ ಇನ್‌ಲೆಟ್ ಎಂಬಲ್ಲಿ ಅದು 38 ಡಿಗ್ರಿ ದಕ್ಷಿಣ ಅಕ್ಷಾಂಶವನ್ನೂ ದಾಟಿ ಬೆಳೆದಿದೆ. ಇದಕ್ಕಿಂತ ದಕ್ಷಿಣದಲ್ಲಿ ಜಗತ್ತಿನ ಯಾವ ಕಾಂಡ್ಲವನವೂ ಇಲ್ಲ.

ಈ ಮರ ನಿತ್ಯಹಸುರು. ವರ್ಷವಿಡೀ ಅಷ್ಟಿಷ್ಟು ಎಲೆಗಳನ್ನು ಉದುರಿಸುವುದಾದರೂ, ಅತ್ಯಧಿಕವಾಗಿ ಉದುರಿಸುವುದು ಅಲ್ಲಿಯ ಬೇಸಗೆಯಾದ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲದಲ್ಲಿ. ಇದೇಕೆ ಹೀಗೆ? ಬೇಸಗೆಯಲ್ಲಿ ಹಗಲು ದೀರ್ಘ, ಬಿಸಿಲು ಪ್ರಖರ. ಹೊಸ ಎಲೆಗಳು ಚಿಗುರುವ ಕಾಲವೂ ಅದೇ. ಆಗ ಮರವು ಮುದಿ ಎಲೆಗಳಲ್ಲಿರುವ ಸಾರಜನಕ, ರಂಜಕಗಳ ಬಹುಭಾಗವನ್ನು ಹಿಂದಕ್ಕೆ ಸೆಳೆದುಕೊಂಡು, ಬರಿದಾಗಿ ಹಳದಿಗೊಂಡ ಎಲೆಗಳನ್ನು ಕಳಚಿಬಿಡುವುದು. ಜಿಪುಣ ಗೃಹಸ್ಥನು ಹಳೆಯ ಮನೆಯನ್ನು ಕೆಡಹುವ ಮುನ್ನ ಬಾಗಿಲು ಕಿಟಕಿಗಳನ್ನು ಬಿಚ್ಚಿಟ್ಟುಕೊಳ್ಳುವಂತೆಯೇ ಇದು!

ಉದುರಿದುದನ್ನು ಅಳೆಯುವ ವಿಧಾನ ಬಲು ಸರಳ. ಭರತದ ನೀರು ಮುಟ್ಟದ ಎತ್ತರದಲ್ಲಿ, ಕೊಂಬೆಗಳ ಕೆಳಗೆ, ಅಳತೆಮಾಡಿದ ಬಲೆಗಳನ್ನು ಕಟ್ಟುವರು. ಅದರಲ್ಲಿ ಬಿದ್ದ ಎಲೆ, ಕಡ್ಡಿ, ಹೂ, ಕಾಯಿಗಳನ್ನು ಆಗಾಗ ಒಯ್ದು, ಒಣಗಿಸಿ ತೂಗುವರು. ಸಿಡ್ನಿ ನಗರದ ಬಳಿ ಹೀಗೆ ತೂಗಿದಾಗ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 6 ಟನ್ನುಗಳಷ್ಟು ಕಂಡುಬಂದಿತು. ಉಷ್ಣವಲಯದ ಸಮೃದ್ಧ ಕಾಂಡ್ಲವನಗಳಲ್ಲಾದರೋ ಇದು 10 ಟನ್ನುಗಳನ್ನೂ ಮೀರುವುದುಂಟು.

ಕೆಸರಿಗೆ ಬಿದ್ದ ಎಲೆಯ ಗತಿಯೇನು? ಮೊದಲು ಕಡಲನೀರು ಅದರ ಸಕ್ಕರೆಯೇ ಮೊದಲಾದ ಕರಗುವ ವಸ್ತುಗಳನ್ನು ತೊಳೆದೊಯ್ಯುವುದು. ಬಳಿಕ ಬೂಸ್ಟು ಮತ್ತು ಬ್ಯಾಕ್ಟೀರಿಯಗಳ ಕೆಲಸ. ಈ ಕ್ಷಯವು ಸ್ಥೂಲವಾಗಿ ರೇಡಿಯಂ ಧಾತುವಿನ ಕ್ಷಯವನ್ನು ಹೋಲುವುದು. ಎರಡು ತಿಂಗಳಲ್ಲಿ ಅರ್ಧ ತೂಕ ನಷ್ಟವಾಯಿತೆಂದು ಭಾವಿಸಿದರೆ, ನಾಲ್ಕು ತಿಂಗಳಿಗೆ ಕಾಲುಭಾಗವೂ ಆರು ತಿಂಗಳಿಗೆ ಎಂಟನೆಯ ಒಂದು ಭಾಗವೂ ಉಳಿಯುವುದು. ಒಂದು ವ್ಯತ್ಯಾಸವುಂಟು: ರೇಡಿಯಮ್ಮಿನ ಅರ್ಧಾಯುಷ್ಯವನ್ನು ಚಳಿ ಬದಲಿಸಲಾರದು, ಎಲೆಯ ಅರ್ಧಾಯುಷ್ಯವನ್ನು ಅದು ದೀರ್ಘಗೊಳಿಸುವುದು. ಆದುದರಿಂದ ಚಳಿಯ ತೀರಗಳಲ್ಲಿ ಎಲೆ ನಿಧಾನವಾಗಿ ಕೊಳೆಯುವುದು.

ಇದು ಕೇವಲ ಕುತೂಹಲದ ಮಾತಲ್ಲ. ನ್ಯೂಜಿಲೆಂಡಿನಲ್ಲಿ ಹೊಲಗದ್ದೆಗಳಿಂದಲೂ ಬೋಳುಗುಡ್ಡಗಳಿಂದಲೂ ಕೊಚ್ಚಿಬಂದ ಹೂಳಿನ ಮೇಲೆ ಕಾಂಡ್ಲವು ಹರಡುತ್ತಿದೆ. ಅದನ್ನು ಕಡಿಯಬೇಕೆಂದು ಕೆಲವರು, ಉಳಿಸಬೇಕೆಂದು ಕೆಲವರು ವಾದಿಸುತ್ತಾರೆ. ಕೊಳೆತ ಎಲೆಯ ಕಣಗಳು ಅಳಿವೆಯ ಸಣ್ಣ ಜೀವಿಗಳಿಗೆ ಆಹಾರ. ಕೆಸರಿನಲ್ಲಿ ಹೂತುಹೋದ ಭಾಗವು ವಾಯುಮಂಡಲದಿಂದ ಬಂದ ಇಂಗಾಲದ ಭಂಡಾರ. ಮರವನ್ನು ಕಡಿದರೆ ಈ ಎರಡರ ಆದಾಯವೂ ನಿಲ್ಲುವುದು. ಕೊಡಲಿಯನ್ನೆತ್ತುವ ಮುನ್ನ ಬಲೆಗೆ ಬಿದ್ದ ಎಲೆಗಳನ್ನು ತೂಗಿ ನೋಡುವುದು ವಿವೇಕವಲ್ಲವೆ?