ಗುಜರಿಯ ಡಬ್ಬಿಯಲ್ಲಿ ಛಾಯಾಚಿತ್ರ

ಛಾಯಾಚಿತ್ರಕಲೆಯು ಹಣವಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬಹುಮಂದಿಗಿದೆ. ಬೆಲೆಬಾಳುವ ಕ್ಯಾಮರಾ ಇಲ್ಲದವನು ಈ ಕಲೆಯ ಹೊಸಲನ್ನು ತುಳಿಯಲಾರನೆಂದು ಅವರ ಎಣಿಕೆ. ಇದು ಸರಿಯಲ್ಲ. ಕಡೂರು, ಬೀರೂರುಗಳಂಥ ಪೇಟೆಯ ಗುಜರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ, ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯೇ ಕ್ಯಾಮರಾ ಆಗಬಲ್ಲದು.

ಮೊದಲು ಡಬ್ಬಿಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಪಕ್ಕದಲ್ಲಿ ಕಿಂಡಿ ಕೊರೆದು, ತೆಳುವಾದ ಅಲ್ಯುಮಿನಿಯಂ ಚೂರನ್ನು ಅಂಟಿಸಿ, ಸೂಜಿಯ ಮೊನೆಯಿಂದ ಅದರಲ್ಲೊಂದು ರಂಧ್ರ ಮಾಡಬೇಕು. ಎದುರು ಗೋಡೆ 10 ಸೆಂಟಿಮೀಟರ್ ದೂರವಿದ್ದರೆ ರಂಧ್ರ ಸುಮಾರು 0.4 ಮಿಲಿಮೀಟರ್ ಇರಲಿ. ಹಿರಿದಾದರೆ ಬಿಂಬ ಮಸುಕಾಗುತ್ತದೆ. ತೀರ ಕಿರಿದಾದರೂ ಬೆಳಕು ಅಂಚಿನಲ್ಲಿ ಚದರಿ ಮಸುಕೇ ಆಗುತ್ತದೆ. ಬಳಿಕ ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಕಪ್ಪು-ಬಿಳುಪು ಛಾಯಾಕಾಗದವನ್ನು ಎದುರು ಗೋಡೆಗೆ ಅಂಟಿಸಿ, ಮುಚ್ಚಳ ಹಾಕಿ, ರಂಧ್ರಕ್ಕೆ ಕಪ್ಪು ಪಟ್ಟಿ ಹಚ್ಚಿದರೆ ಉಪಕರಣ ಸಿದ್ಧ.

ಒಳ್ಳೆಯ ಬಿಸಿಲಿನಲ್ಲಿ ಪಟ್ಟಿಯನ್ನು ಸುಮಾರು ಒಂದು ನಿಮಿಷ ತೆಗೆದಿಡಬೇಕು. ಡಬ್ಬಿ ಕದಲಬಾರದು, ಮೇಲೊಂದು ಕಲ್ಲು ಹೇರಿದರೆ ಒಳಿತು. ಕಾಗದವನ್ನು ರಸಾಯನಗಳಲ್ಲಿ ತೊಳೆದಾಗ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವ ಪ್ರತಿಚಿತ್ರ ಮೂಡುತ್ತದೆ. ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ತಿರುಗುಮುರುಗು ಮಾಡಿದರೆ ನಿಜಚಿತ್ರ ದೊರೆಯುತ್ತದೆ.

ಈ ನಿಧಾನವೇ ಡಬ್ಬಿಯ ವಿಶೇಷ ಗುಣ. 1838ರಲ್ಲಿ ಪ್ಯಾರಿಸ್ಸಿನ ಬೀದಿಯೊಂದನ್ನು ಡಾಗೆರ್ ಚಿತ್ರಿಸಿದಾಗ ಓಡಾಡುತ್ತಿದ್ದ ಜನವೂ ಗಾಡಿಗಳೂ ಅದರಲ್ಲಿ ಮೂಡಲಿಲ್ಲ. ಬೂಟು ಉಜ್ಜಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ ಮಾತ್ರ ಉಳಿಯಿತು. ಎಮ್ಮೆದೊಡ್ಡಿಯ ಬಳಿಯ ಮದಗದ ಕೆರೆಗೆ ಈ ಡಬ್ಬಿಯನ್ನೊಡ್ಡಿದರೂ ಅಷ್ಟೆ: ಅಲೆಗಳೆಲ್ಲ ಅಳಿಸಿ, ನೀರು ಹಾಸಿದ ಬಟ್ಟೆಯಂತೆ ತೋರುತ್ತದೆ; ದಡದ ಬಂಡೆ ಸ್ಪಷ್ಟವಾಗಿ ನಿಲ್ಲುತ್ತದೆ.

ಹಾಗಾದರೆ ಅಲುಗದೆ ನಿಲ್ಲುವ ವಸ್ತುಗಳಾವುವು? ಅವೂ ಗುಜರಿಯಲ್ಲೇ ಇವೆ. 1956ರ ಶಾಸನದಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೆ ಪೇಟೆಯ ಲೆಕ್ಕದಿಂದ ಹಿಂದೆ ಸರಿದ ಸೇರು, ಪಾವು, ಕೊಳಗಗಳು. ವಿದ್ಯುತ್ತು ಬಂದ ಮೇಲೆ ಅಟ್ಟ ಸೇರಿದ ಲಾಟೀನು. ತಳ ಸವೆದ ಹಿತ್ತಾಳೆ ಚೆಂಬು. ಇವು ತೂಕಕ್ಕೆ ಬಿದ್ದು ಕುಲುಮೆಗೆ ಹೋಗುವ ಸರಕು. ಲೋಹ ಕರಗಿದರೆ ಮತ್ತೊಂದು ಪಾತ್ರೆಯಾದೀತು. ಆದರೆ ಅಜ್ಜಿಯ ಕೈ ತಾಗಿ ಸವೆದ ಆ ಅಂಚು ಮರಳಿ ಬಾರದು.

ವಿದ್ಯಾರ್ಥಿಮಿತ್ರರು ತಮ್ಮ ತಮ್ಮ ಊರಿನ ಇಂಥ ವಸ್ತುಗಳನ್ನು ಕಿಟಕಿಯ ಬೆಳಕಿನಲ್ಲಿಟ್ಟು, ಹೆಚ್ಚು ಹೊತ್ತು ಕಾದು, ಚಿತ್ರ ತೆಗೆದು, ಅದರ ಹೆಸರನ್ನೂ ಬಳಕೆಯನ್ನೂ ಹಿರಿಯರಿಂದ ಕೇಳಿ ಕೆಳಗೆ ಬರೆದಿಡಲಿ. ಕಲೆಗೆ ಬೇಕಾದ ಬಂಡವಾಳ ಒಂದು ಡಬ್ಬಿ, ಸ್ವಲ್ಪ ಬಿಸಿಲು, ಕಾಯುವ ತಾಳ್ಮೆ. ಗುಜರಿಯ ಗಾಡಿ ಮಾತ್ರ ನಮಗಾಗಿ ಕಾಯದು.