ಕಲ್ಯಾಣ ನಾಡಿನ ಊಟ: ಎಳ್ಳಮಾಸಿಯ ಹೊಲದಲ್ಲಿ ಎಲೆ ಹಾಕಿದೆ

ಮಂಗಳೂರಿಗೆ ಹೋದವರು ನೀರುದೋಸೆ, ಕೋರಿ ರೊಟ್ಟಿ, ಗೋಳಿಬಜೆ ತಿನ್ನದೆ ಮರಳುವುದಿಲ್ಲ. ಏನು ತಿನ್ನಬೇಕೆಂಬ ಪಟ್ಟಿ ಮನೆ ಬಿಡುವ ಮೊದಲೇ ತಯಾರಾಗಿರುತ್ತದೆ. ಬಸವಕಲ್ಯಾಣಕ್ಕೆ ಬರುವವರ ಬಳಿ ಅಂಥ ಪಟ್ಟಿ ಇರುವುದಿಲ್ಲ. ಅವರು ಕೋಟೆ ಹತ್ತುತ್ತಾರೆ, ಅಕ್ಕನಾಗಮ್ಮನ ಗವಿ ನೋಡುತ್ತಾರೆ, ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ನಿಲ್ಲುತ್ತಾರೆ. ಹಸಿವಾದಾಗ ಹೆದ್ದಾರಿಯ ಯಾವುದೋ ಹೋಟೆಲಿನಲ್ಲಿ ಎಲ್ಲೆಡೆ ಸಿಗುವ ಊಟವನ್ನೇ ಉಂಡು ಹೊರಟುಬಿಡುತ್ತಾರೆ. ಕಲ್ಯಾಣವನ್ನು ಅರ್ಧ ನೋಡಿ ಹೋದ ಹಾಗೆ ಇದು. ಬಸವಕಲ್ಯಾಣ, ಮಂಠಾಳ, ಹುಮನಾಬಾದ್ ಸುತ್ತಿನ ಈ ಸೀಮೆಗೆ ತನ್ನದೇ ಆದ ಅಡುಗೆ ಇದೆ. ಅದರ ಹಿಂದೆ ಒಂಬತ್ತು ಶತಮಾನಗಳ ದಾಖಲೆಯೂ ಇದೆ.

ಅರಮನೆಯ ಅಡುಗೆ ಬರೆದಿಟ್ಟ ಊರು

ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ್ದು 1129ರ ಸುಮಾರಿಗೆ, ಇದೇ ಕಲ್ಯಾಣದಿಂದ ಆಳುತ್ತಿದ್ದಾಗ. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜ್ಯಭಾರ, ಆನೆ, ಕುದುರೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಅನ್ನಭೋಗಕ್ಕೂ ಪಾನೀಯಭೋಗಕ್ಕೂ ಬೇರೆಬೇರೆ ಅಧ್ಯಾಯಗಳಿವೆ. ಉದ್ದಿನ ಹಿಟ್ಟಿನಿಂದ ಮಾಡಿ ಮೆಣಸು, ಜೀರಿಗೆ, ಇಂಗು ಬೆರೆಸುವ ಇಡ್ಡರಿಕೆ ಅಲ್ಲಿದೆ. ದೋಸಕ, ವಟಕ, ಪೂರಿಕೆ, ಮಂಡಕಗಳಿವೆ. ಮೀನು, ಆಮೆಯಿಂದ ಹಿಡಿದು ಹೊಲದ ಇಲಿಯನ್ನು ಸುಡುವ ಬಗೆಯವರೆಗೆ ಮಾಂಸದಡುಗೆಯ ವಿವರಗಳೂ ಇವೆ. ಇಡ್ಲಿ, ದೋಸೆಗಳ ಇತಿಹಾಸ ಬರೆಯುವವರು ಇವತ್ತಿಗೂ ಈ ಪುಟಗಳನ್ನು ತಿರುವಿ ಹಾಕುತ್ತಾರೆ. ಕಾದ ಮಡಕೆಯ ಬೆನ್ನ ಮೇಲೆ ಬೇಯಿಸುತ್ತಿದ್ದ ಮಂಡಕದ ವಂಶಸ್ಥ ಬೆಳಗಾವಿ ಕಡೆಯ ಮದುವೆ ಮನೆಗಳಲ್ಲಿ ಮಂಡಿಗೆಯಾಗಿ ಉಳಿದಿದೆ.

ಅದು ದೊರೆಯ ಊಟ. ಇಂದು ಬಸವಕಲ್ಯಾಣದ ಮನೆಗಳಲ್ಲಿ ಒಲೆಯ ಮೇಲಿರುವುದು ರೈತನ ಊಟ, ಮತ್ತು ಅದರ ಯಜಮಾನ ಜೋಳ.

ಕಪ್ಪು ಮಣ್ಣು, ಬಿಳಿ ರೊಟ್ಟಿ

ಇಲ್ಲಿಯ ಎರೆಹೊಲ ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವ ಮತ್ತು ಚಳಿಗಾಲದ ಇಬ್ಬನಿಯ ಬಲದ ಮೇಲೆಯೇ ತೆನೆ ಬಿಟ್ಟು, ಶಿವರಾತ್ರಿಯ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ. ನೆರೆಯ ಸೊಲ್ಲಾಪುರ ಸೀಮೆಯ ಮಾಲದಂಡಿ ತಳಿಗೆ ಈ ಭಾಗದ ರೊಟ್ಟಿಪ್ರಿಯರಲ್ಲಿ ಇಂದಿಗೂ ದೊಡ್ಡ ಮರ್ಯಾದೆ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕಾಗಿ ಎಸರನ್ನು ಕುದಿಸಿ ಹಿಟ್ಟಿಗೆ ಸುರಿದು, ಬಿಸಿ ಇರುವಾಗಲೇ ಅಂಗೈಯಿಂದ ಚೆನ್ನಾಗಿ ನಾದಬೇಕು. ಲಟ್ಟಿಸಲು ಹೋದರೆ ಅಂಚು ಬಿರಿಯುತ್ತದೆ. ಒಣ ಹಿಟ್ಟು ಉದುರಿಸಿ, ಕೈಯಿಂದ ಬಡಿದು ಬಡಿದು, ತಿರುಗಿಸುತ್ತ ಅಗಲ ಮಾಡಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಣ ಹಿಟ್ಟು ಹೋಗಿ, ಮೇಲ್ಮೈ ಮೆತ್ತಗಾಗಿ, ರೊಟ್ಟಿ ಉಬ್ಬುವುದು ಇದರಿಂದಲೇ. ಹಾಗೇ ತಿಂದರೆ ಬಿಸಿ ರೊಟ್ಟಿ. ಒಲೆಯ ಬದಿಗೆ ನಿಲ್ಲಿಸಿ ತೇವವೆಲ್ಲ ಹೋಗುವಂತೆ ಸುಟ್ಟರೆ ಕಡಕ್ ರೊಟ್ಟಿ. ಇದು ವಾರಗಟ್ಟಲೆ ಕೆಡುವುದಿಲ್ಲ. ಜಾತ್ರೆಯ ದಾಸೋಹಕ್ಕೆ ಊರೂರಿನ ಹೆಂಗಸರು ತಿಂಗಳು ಮೊದಲೇ ರೊಟ್ಟಿ ಬಡಿದು ಪೇರಿಸಿಡಲು ಸಾಧ್ಯವಾಗಿರುವುದೂ ಇದೇ ಕಾರಣಕ್ಕೆ.

ರೊಟ್ಟಿಯ ಪಕ್ಕದಲ್ಲಿ ಏನಿರುತ್ತದೆ ಎಂಬುದೇ ಈ ಊಟದ ಸೊಗಸು. ಪುಂಡಿ ಸೊಪ್ಪನ್ನು ಬೇಳೆ ಅಥವಾ ಜೋಳದ ನುಚ್ಚಿನೊಡನೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುಂಡಿಪಲ್ಯದ ಹುಳಿಗೆ ಬೇರೆ ಸಾಟಿ ಇಲ್ಲ. ಕಡಲೆಹಿಟ್ಟಿನ ಜುಣಕ, ಎಣ್ಣೆಗಾಯಿ, ಮೆಂತ್ಯ ಹಾಕಿದ ಬೇಳೆ ದಿನನಿತ್ಯದವು. ತೊಗರಿ ಈ ನಾಡಿನ ಮನೆಬೆಳೆ. ನೆರೆಯ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇನ್ನು ಹಿಂಡಿಗಳು: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಅಗಸಿಯನ್ನು ಇಂದು ಪಟ್ಟಣಗಳಲ್ಲಿ ಆರೋಗ್ಯದ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. ಇಲ್ಲಿಯ ಮನೆಗಳಲ್ಲಿ ಅದು ಹುರಿದು ಕುಟ್ಟಿದ ಖಾರವಾಗಿ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಹಿಂಡಿಯ ಮೇಲೆ ಕೆನೆಮೊಸರು ಹಾಕಿ ಕಲಸಿ, ಕಡಕ್ ರೊಟ್ಟಿ ಮುರಿದು ತಿನ್ನಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಎಳೆ ಸೌತೆ, ಮೆಂತ್ಯದ ಎಸಳು ಇದ್ದರೆ ಊಟ ಪೂರ್ಣ.

ಎಳ್ಳಮಾಸಿ ಭಜ್ಜಿ

ಈ ಸೀಮೆಯ ಒಂದೇ ಒಂದು ಅಡುಗೆಯನ್ನು ಆರಿಸು ಎಂದರೆ ನಾನು ಭಜ್ಜಿಯ ಹೆಸರು ಹೇಳುತ್ತೇನೆ. ಹೊರಗಿನವರು ಹೆಸರು ಕೇಳಿ ಎಣ್ಣೆಯಲ್ಲಿ ಕರಿದ ತಿಂಡಿ ಎಂದುಕೊಳ್ಳುತ್ತಾರೆ. ಇದು ಅದಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಾಗಿರುತ್ತದೋ ಅದೆಲ್ಲವೂ ಒಂದೇ ಪಾತ್ರೆಗೆ ಬೀಳುವ ಅಡುಗೆ ಇದು. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಪಾಲಕ್, ಹಸಿಮೆಣಸು, ಕೆಲವು ಮನೆಗಳಲ್ಲಿ ಬೋರೆಹಣ್ಣು. ಎಲ್ಲವನ್ನೂ ಬೇಯಿಸಿ, ಕಡಲೆಹಿಟ್ಟು ಕದಡಿ ಹಾಕಿ, ಹುಳಿ ಸೇರಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಾರೆ. ಒಂದೊಂದು ತುತ್ತಿನಲ್ಲಿ ಒಂದೊಂದು ಕಾಳಿನ ರುಚಿ.

ಎಳ್ಳಮಾಸಿ ಬರುವುದು ಡಿಸೆಂಬರ್ ಕೊನೆಗೆ ಅಥವಾ ಜನವರಿಯಲ್ಲಿ. ಅಂದು ಬೀದರ್ ಜಿಲ್ಲೆಯ ಊರುಗಳು ಖಾಲಿಯಾಗುತ್ತವೆ. ಎಲ್ಲರೂ ಹೊಲದಲ್ಲಿ. ಜೋಳದ ದಂಟಿನಿಂದ ಚಿಕ್ಕ ಗುಡಿಸಲು ಕಟ್ಟಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡುಗೆಯನ್ನು ಮೊದಲು ಭೂತಾಯಿಗೆ ಚರಗ ಚೆಲ್ಲಿ, ಆಮೇಲೆ ಬುತ್ತಿ ಬಿಚ್ಚುತ್ತಾರೆ. ಭಜ್ಜಿಯ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಗೋಧಿ ಹುಗ್ಗಿ, ಮಡಕೆಯಲ್ಲಿ ಅಂಬಲಿ. ಹೊಲವಿಲ್ಲದವರನ್ನು, ಪೇಟೆಯ ಗೆಳೆಯರನ್ನು, ಬೇರೆ ಜಾತಿ ಧರ್ಮದವರನ್ನು ಕರೆದು ಉಣಿಸುವುದು ವಾಡಿಕೆ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ “ಬರ್ರಿ, ಒಂದ್ ರೊಟ್ಟಿ ತಿಂದು ಹೋಗ್ರಿ” ಎಂದು ಕೂಗಿ ಕರೆಯುತ್ತಾರೆ. ಗಡಿಯಾಚೆ ಲಾತೂರು, ಧಾರಾಶಿವ ಜಿಲ್ಲೆಗಳಲ್ಲೂ ಇದೇ ಹಬ್ಬ, ಇದೇ ಭಜ್ಜಿ, ಇದೇ ಅಂಬಲಿ. ರಾಜ್ಯದ ಗಡಿ ಎಳೆದವರಿಗೆ ಅಡುಗೆಯನ್ನು ಎರಡು ಮಾಡಲಾಗಲಿಲ್ಲ.

ಎಳ್ಳಮಾಸಿ ಮುಗಿದ ಮೇಲೆ ಸೀತನಿಯ ಕಾಲ. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ ಅಥವಾ ಬೆಲ್ಲದ ಜೊತೆ ತಿನ್ನುತ್ತಾರೆ. ಕಾಳು ಗಟ್ಟಿಯಾಗುವವರೆಗಿನ ಕೆಲವೇ ವಾರಗಳ ಭಾಗ್ಯ ಅದು. ಅದನ್ನು ಕಟ್ಟಿಕೊಂಡು ಹೋಗಲು ಬರುವುದಿಲ್ಲ, ಹೊಲಕ್ಕೇ ಹೋಗಬೇಕು.

ಅಂಬಲಿ ಮತ್ತು ದಾಸೋಹ

ಕುಡಿಯಲು ಏನು ಎಂದು ಕೇಳಿದರೆ ಮೊದಲ ಉತ್ತರ ಅಂಬಲಿ. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ, ಹುಳಿ ಬರಲು ಬಿಟ್ಟು, ತೆಳ್ಳಗೆ ಕುದಿಸಿ ಆರಿಸುತ್ತಾರೆ. ಮೇಲೆ ಮಜ್ಜಿಗೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು. ಬೇಸಿಗೆಯಲ್ಲಿ ಈ ಸೀಮೆ ಕಾದ ಹಂಚಾಗುವಾಗ ಹೊಟ್ಟೆಯನ್ನು ತಂಪಾಗಿಡುವುದು ಇದೇ. ಯುಗಾದಿಯಂದು ಹೊಸ ಮಡಕೆಯಲ್ಲಿ ಬೇವು ಮಾಡುತ್ತಾರೆ. ಹುಣಸೆ, ಬೆಲ್ಲ, ಬೇವಿನ ಹೂವು, ಮಾವಿನಕಾಯಿ, ಪುಟಾಣಿ ಹಿಟ್ಟು ಬೆರೆತ ಈ ಪಾನಕವನ್ನು ಲೋಟಗಟ್ಟಲೆ ಕುಡಿಯುವುದು ಉತ್ತರದ ಈ ಜಿಲ್ಲೆಗಳ ಪದ್ಧತಿ.

ಅಂಬಲಿಗೆ ಶರಣರ ಪರಂಪರೆಯಲ್ಲಿ ದೊಡ್ಡ ಸ್ಥಾನವಿದೆ. ಮಾದಾರ ಚೆನ್ನಯ್ಯ ಗುಟ್ಟಾಗಿ ಅರ್ಪಿಸುತ್ತಿದ್ದ ಅಂಬಲಿಯನ್ನು ಶಿವ ಸವಿದನೆಂದೂ, ಅದರಿಂದ ಚೋಳ ದೊರೆಯ ನೈವೇದ್ಯ ಹಾಗೇ ಉಳಿಯಿತೆಂದೂ ಕಥೆ. ಆ ಚೆನ್ನಯ್ಯನನ್ನು ಹಿರಿಯನೆಂದು ಎತ್ತಿ ಹಿಡಿದ ಬಸವಣ್ಣ ದೊರೆ ಬಿಜ್ಜಳನ ಭಂಡಾರಿಯಾಗಿದ್ದುದು ಇದೇ ಕಲ್ಯಾಣದಲ್ಲಿ. ಶರಣ ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಊರಿನಲ್ಲಿ ಊಟ ಎಂದರೆ ಹಸಿವು ಹಿಂಗಿಸುವುದಕ್ಕಿಂತ ದೊಡ್ಡ ಸಂಗತಿ. ದುಡಿದು ತರುವುದು, ಹಂಚಿ ಉಣ್ಣುವುದು, ಕೂಡಿಡದಿರುವುದು ಇಲ್ಲಿ ಧರ್ಮವೇ ಆಗಿತ್ತು.

ಆ ಗುಣ ಬೇರೆ ಪರಂಪರೆಗಳಲ್ಲೂ ಬೆಳೆಯಿತು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿ, ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯವನ್ನು ಸಾರಿದರು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಈ ಸಂಸ್ಥಾನದಲ್ಲಿ ಬಂದವರಿಗೆ ಅನ್ನದಾನ ನಡೆಯುತ್ತದೆ. ಡಿಸೆಂಬರಿನ ದತ್ತ ಜಯಂತಿಯ ಉತ್ಸವಕ್ಕೆ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರಗಳಿಂದ ಬಂದವರು ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಊರು ಬಿಟ್ಟು ಹೆಸರಾದ ಬಿರಿಯಾನಿ

ಹೈದರಾಬಾದಿನ ಬೀದಿಗಳಲ್ಲಿ ಕಲ್ಯಾಣಿ ಬಿರಿಯಾನಿ ಎಂಬ ಫಲಕಗಳನ್ನು ನೋಡಿದವರಿಗೆ ಆ ಕಲ್ಯಾಣಿ ಬೀದರ್ ಜಿಲ್ಲೆಯ ಈ ಕಲ್ಯಾಣವೇ ಎಂಬುದು ಗೊತ್ತಿರುವುದು ಕಡಿಮೆ. ನಿಜಾಮರ ಕಾಲದಲ್ಲಿ ಇಲ್ಲಿ ಆಳಿದ ಕಲ್ಯಾಣಿ ನವಾಬರು ಹೈದರಾಬಾದಿನಲ್ಲೂ ದೇವಡಿ ಎಂಬ ಮಹಲು ಕಟ್ಟಿಕೊಂಡಿದ್ದರು. ತಮ್ಮ ಸೀಮೆಯಿಂದ ಕೆಲಸಕಾರ್ಯಕ್ಕೆ ಬಂದ ಪ್ರಜೆಗಳಿಗೆ ಆ ದೇವಡಿಯಲ್ಲಿ ಈ ಬಿರಿಯಾನಿ ಬಡಿಸುತ್ತಿದ್ದರೆಂದು ಹೇಳುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿ ನವಾಬಿ ಮನೆತನಗಳ ಕಾಲ ಇಳಿದಾಗ, ಅಲ್ಲಿಯ ಬಾಣಸಿಗರು ಹೊರಗೆ ಬಂದು ಅಂಗಡಿ ತೆರೆದರಂತೆ. ಕೇಸರಿ, ಒಣಹಣ್ಣುಗಳ ಆಡಂಬರವಿಲ್ಲದ ಬಿರಿಯಾನಿ ಇದು. ಎಮ್ಮೆ ಮಾಂಸದ ಸಣ್ಣ ತುಂಡುಗಳು, ಧಾರಾಳ ಉಳ್ಳಾಗಡ್ಡಿ, ಟೊಮೆಟೊ, ಜೀರಿಗೆ, ಕೊತ್ತಂಬರಿ ಪುಡಿ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವುದರಿಂದ ಬಡವರ ಬಿರಿಯಾನಿ ಎಂಬ ಹೆಸರೂ ಬಂತು. ಮಾಂಸ ಉಣ್ಣದವರು ಮುಸ್ಲಿಂ ಮನೆಗಳ ಬಗಾರಾ ಅನ್ನವನ್ನು ಕೇಳಿ ಉಣ್ಣಬೇಕು. ಲವಂಗ, ಚೆಕ್ಕೆ, ಪುದೀನದ ಘಮದ ಆ ಅನ್ನ ಈ ಸೀಮೆಯ ಎಲ್ಲ ಸಮುದಾಯಗಳ ಮದುವೆ ಮನೆಗೂ ಬಂದು ಕುಳಿತಿದೆ.

ಯಾವಾಗ, ಎಲ್ಲಿ

ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುವ ಊರು ಹುಮನಾಬಾದ್. 2017ರಿಂದ ಬೀದರ್–ಕಲಬುರಗಿ ರೈಲೂ ಇದೆ. ಹೈದರಾಬಾದ್ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಹೊರಳಿದರೆ ಬಸವಕಲ್ಯಾಣ. ಎರಡೂ ಊರುಗಳಲ್ಲಿ ಬೆಳಗ್ಗೆ ಚುರುಮುರಿಯ ಸುಸಲಾ ಮತ್ತು ಮಿರ್ಚಿ, ಮೇಲೆ ಖಡಕ್ ಚಹಾ. ಮಧ್ಯಾಹ್ನ ಹೋಟೆಲು ಬಿಟ್ಟು ಖಾನಾವಳಿ ಹುಡುಕಿ, ಒಲೆಯಿಂದ ನೇರ ತಟ್ಟೆಗೆ ರೊಟ್ಟಿ ಬರುವ ಕಡೆ ಕುಳಿತುಕೊಳ್ಳಿ. ದಸರಾ ಮತ್ತು ದೀಪಾವಳಿಯ ನಡುವೆ ಬಂದರೆ ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿಗಳಿರುತ್ತವೆ. ಚಳಿಗಾಲದಲ್ಲಿ ಕಬ್ಬಿನ ಹಾಲು, ಗಾಣದ ಬಿಸಿ ಬೆಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ದತ್ತ ಜಯಂತಿ, ಎಳ್ಳಮಾಸಿ, ಸೀತನಿ, ಜಾತ್ರೆ ಎಲ್ಲ ಒಂದರ ಹಿಂದೊಂದು ಬರುವ ಡಿಸೆಂಬರ್, ಜನವರಿ ತಿಂಗಳುಗಳೇ ಈ ಊಟಕ್ಕೆ ತಕ್ಕ ಕಾಲ.

ಇಲ್ಲಿ ಉಣ್ಣಬೇಕಾದದ್ದರಲ್ಲಿ ಹೆಚ್ಚಿನದು ಮನೆಯಲ್ಲಿ, ಹೊಲದಲ್ಲಿ ಮಾತ್ರ ಸಿಗುತ್ತದೆ ಎಂಬುದು ಸಂತೋಷದ ಮಾತೂ ಹೌದು, ಕೊರತೆಯೂ ಹೌದು. ಬಸವಕಲ್ಯಾಣದ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಅದು ಪೂರ್ಣಗೊಂಡಾಗ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಅವರಿಗೆ ಬಡಿಸುವ ತಟ್ಟೆಯಲ್ಲಿ ಇಲ್ಲಿಯ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ, ಒಂದು ಲೋಟ ಅಂಬಲಿ ಇರಲೇಬೇಕು. ರೊಟ್ಟಿ ಬಡಿಯುವ ಕೈಗಳಿಗೆ ತಕ್ಕ ಕೂಲಿಯೂ, ಜೋಳ ಬೆಳೆಯುವ ರೈತನಿಗೆ ತಕ್ಕ ಬೆಲೆಯೂ ಅದರಿಂದ ಸಿಗಬೇಕು. ಶರಣರ ಊರಿನಲ್ಲಿ ಕಾಯಕವನ್ನೂ ದಾಸೋಹವನ್ನೂ ನೆನೆಯಲು ಇದಕ್ಕಿಂತ ಸರಳವಾದ ದಾರಿ ಇಲ್ಲ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು: ಕಲ್ಯಾಣಕ್ಕೆ ಹೋಗುವುದಾದರೆ ಎಳ್ಳಮಾಸಿಯ ದಿನ ನೋಡಿಕೊಂಡು ಹೋಗಿ, ಯಾರಾದರೂ ಹೊಲದಿಂದ ಕರೆದರೆ ಸಂಕೋಚಪಡದೆ ಕುಳಿತು ಉಣ್ಣಿ.